ಹೊಗೆಗೊಂದು ದಾರಿ

ನೀಲಾಂಬಿಕಾ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಆದರೂ ಅಕ್ಕಿಆಲೂರು ಬಸ್ ನಿಲ್ದಾಣದಲ್ಲಿ ಅವರ ಕಿವಿ ಪಕ್ಕದ ಬೆಂಚಿನತ್ತಲೇ ಇತ್ತು. ತೊಡೆಯ ಮೇಲೆ ಮಾಂಸಕ್ಕೆ ಹೊಗೆ ಹಾಕುವ ಡ್ರಮ್ಮಿನ ಮುಚ್ಚಳವಿಟ್ಟುಕೊಂಡ ಸುಜಾತಾ, ವೆಲ್ಡಿಂಗ್ ಅಂಗಡಿಯ ಮೈಲಾರಿಯನ್ನು ಕೇಳುತ್ತಿದ್ದಳು.

“ಹೊಗಿ ಹಾಕಿದ ಮಾಂಸ ಯಾಕ ಕಹಿ ಆತು, ಅಣ್ಣಾ?”

“ಮುಚ್ಚಳ ಬಿಗಿಯಾಗಿತ್ತೇನು?”

“ಹೊಗಿ ಪೋಲಾಗಬಾರದಂತ ಸುತ್ತ ಹಸಿಮಣ್ಣು ಮೆತ್ತಿದ್ದೆ.”

“ನೆಲದಾಗ ಜ್ವಾಳ ತುಂಬಿ ಮುಚ್ಚೋ ಹಗೇವು ಅನ್ಕೊಂಡ್ಯೇನ ತಂಗಿ! ಮ್ಯಾಲೆ ತೂತು ಬೇಕು. ಹೊಗಿ ಮಾಂಸ ಸವರಿ ಹೊರಗ ಹೋಗಬೇಕು, ಅಲ್ಲೇ ಕುಂದರಬಾರದು.”

“ನಾಯಿನೂ ಮೂಸಲಿಲ್ಲ ಅಂತ ನಾದಿನಿ ಓಣಿ ತುಂಬ ಸಾರ್‍ಯಾಳ.”

“ಹಂಗಾರ ಸಂತ್ಯಾಗ ಹೊಗಿ ಮಾಂಸದ ಅಂಗಡಿ ಹಚ್ಚೂದು ಬಿಟ್ಟಿ?”

“ಯಾಕ ಬಿಡ್ಲಿ? ಬರೋ ಸಂತಿಗೆ ಹಚ್ಚೇ ಹಚ್ತೇನಿ.”

ಶಿಗ್ಗಾವಿ ಬಸ್ಸು ಬಂತು.

“ಸಂಜಿಕೆ ಬಂದು ತೂತು ಹೊಡದ್ ಕೊಡ್ತೇನಿ,” ಎನ್ನುತ್ತ ಮೈಲಾರಿ ಹತ್ತಿದ.

“ಸಂಜಿತನಾ ಯಾಕ? ನಿನ್ನ ಅಂಗಡಿ ಕೀಲಿ ಕೊಡು, ಡ್ರಿಲ್ ನಾನ ಹಿಡೀತೇನಿ.”

ಕಿಟಕಿಯಿಂದ ಕೀಲಿ ಬಿತ್ತು. ನೀಲಾಂಬಿಕಾ ನೋಡುತ್ತಿದ್ದಂತೆ, ಬಸ್ಸು ಹೊರಡುವ ಮೊದಲೇ ಸುಜಾತಾ ವೆಲ್ಡಿಂಗ್ ಅಂಗಡಿಯತ್ತ ನಡೆದಿದ್ದಳು.