ಹೊಳೆವ್ವನ ಮನೆಯ ಬಾಗಿಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಹಾನಗಲ್ಲು, ಶಿಗ್ಗಾವಿಗಳಿಂದ ದಯಮಾಡಿಸಿದ ಅತಿಥಿಗಳೇ, ಊಟದ ವಾಸನೆ ಬರುತ್ತಿದ್ದರೂ ಎದ್ದುಹೋಗದ ಸಭಿಕರೇ,

ನಮ್ಮ ಪುರಾಣ ಸಮಿತಿಯ ವಾರ್ಷಿಕೋತ್ಸವದಲ್ಲಿ ‘ಧರ್ಮಗ್ರಂಥವನ್ನು ಅರಿಯುವ ಬಗೆ’ ಎಂಬ ವಿಷಯ ಕೊಟ್ಟಿದ್ದಾರೆ. ಈ ಊರಿನಲ್ಲಿ ನಿಂತು ಆ ವಿಷಯ ಮಾತನಾಡುವವನು ಬಾಗಿಲುಗಳ ಸಂಗತಿ ಬಿಡಲಾದೀತೇ?

ಹೋದ ವರ್ಷ ಇಲ್ಲಿಯೇ ನಾನು ಗಂಗವ್ವನ ಪುರಾಣ ಹೇಳುತ್ತಿದ್ದೆ. “ಬಾಗಿಲು ತೆಗೆ, ದೇವರು ಬಂದಾನು” ಎಂಬ ಮಾತು ಬಂತು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಶಾಲು ಹಿಡಿದು ಕಾಯುತ್ತಿದ್ದರು. ಶಾಲು ಕಂಡ ಮೇಲೆ ಕಥೆ ಮುಂದುವರಿಸುವುದು ಯಾರಿಗೆ ಸಾಧ್ಯ? ಅಲ್ಲಿಗೇ ಮಂಗಳ ಹಾಡಿದೆ.

ಮರುದಿನ ಮುಂಜಾನೆ ರೈತ ಕನಕಪ್ಪ ತನ್ನ ಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಗುಡಿಯ ಗೋಡೆಗೆ ಒರಗಿಸಿದ. ದೇವರು ಅವನೊಬ್ಬನ ಮನೆಗೇ ಹೋದಾನೆಂದು ಪಕ್ಕದ ಮನೆಯ ಹುಲಗೇಶನೂ ಕಿತ್ತ. ಸಂಜೆಯ ಹೊತ್ತಿಗೆ ಓಣಿಗೆ ಓಣಿಯೇ ಬೋಳು.

ಮೊದಲು ಬಂದದ್ದು ಹುಲಗೇಶನ ಎಮ್ಮೆ. ಕನಕಪ್ಪನ ಅಡುಗೆಮನೆ ಹೊಕ್ಕು ನಾದಿಟ್ಟ ಹಿಟ್ಟು ತಿಂದಿತು. ಕನಕಪ್ಪ ಕೈಮುಗಿದು ನಿಂತ. “ಹೊಡೀಬ್ಯಾಡ, ಯಾವ ರೂಪದಾಗ ಬಂದಾನೋ ಏನೋ” ಎಂದ.

ಅವನ ಹೆಂಡತಿ ಹೊಳೆವ್ವ ಸೀರೆಯ ಗಂಟು ಕಟ್ಟಿದಳು. “ದೇವರು ಬಂದ್ರ ಹೇಳಿ ಕಳಸ್ರಿ. ಅಲ್ಲೀತನಕಾ ನಾ ಯಲವಿಗಿಯಾಗ ಅವ್ವನ ಮನ್ಯಾಗ ಇರ್ತೇನಿ.”

ಸಮಿತಿಯವರು ನನ್ನನ್ನು ಕರೆಸಿದರು. ನಾನು ಕನಕಪ್ಪನನ್ನು ಕೇಳಿದೆ, ತೆಗೆಯುವುದೆಂದರೆ ಕೀಳುವುದೇನಪ್ಪಾ?

“ನೀವ ತಗಿ ಅಂದ್ರಿ ಗುರುಗಳ. ತೆರಿ ಅಂದಿದ್ರ ತೆರೀತಿದ್ದೆ.”

ಆಗ ಕುಳಿತು ಪೂರ್ತಿ ಕಥೆ ಹೇಳಿದೆ. ಗಂಡನ ಮೇಲಿನ ಸಿಟ್ಟಿಗೆ ಗಂಗವ್ವ ಅಗಳಿ ಹಾಕಿಕೊಂಡು ಒಳಗಿದ್ದಳು. ಹೊರಗೆ ಉರಿಬಿಸಿಲಿನಲ್ಲಿ ಹಸಿದವನೊಬ್ಬ ನಿಂತಿದ್ದ. ನೆರೆಮನೆಯ ಮುದುಕಿ ಅವಳಿಗೆ ಹೇಳಿದ ಮಾತು ಅದು. ಒಬ್ಬಳಿಗೆ, ಒಂದು ಮಧ್ಯಾಹ್ನ, ಒಬ್ಬನ ಹೊಟ್ಟೆಯ ಸಲುವಾಗಿ ಹೇಳಿದ್ದು.

ಕನಕಪ್ಪನ ಮುಖ ಬಾಡಿತು. “ಅಂದ್ರ ನನಗ ಹೇಳಿದ್ದಲ್ಲೇನ್ರಿ ಅದು?”

ಸಭಿಕರೇ, ಇದಕ್ಕೆ ಏನು ಉತ್ತರ ಕೊಡಬೇಕು? ಎದ್ದು ನಿಂತು “ಯಲವಿಗಿಗೆ ಹೋಗೋಣ ನಡಿ” ಎಂದೆ.

ಅಲ್ಲಿ ಅತ್ತೆಮನೆಯ ಬಾಗಿಲು ಭದ್ರವಾಗಿ ಮುಚ್ಚಿತ್ತು. ಕನಕಪ್ಪ ಮೆಲ್ಲಗೆ ಬಡಿದ. “ಹೊಳಿ, ಬಾಗ್ಲಾ ತಗಿ.”

ಒಳಗಿನಿಂದ ದನಿ ಬಂತು. “ತಗಿ ಅಂದ್ರ ಯಾವ ‘ತಗಿ’ ರೀ?”

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಕೊನೆಗೆ ಅವನು ಹೇಳಿದ್ದು ಇಷ್ಟೇ: “ನೀ ಹೋದಾಗಿಂದ ಸರಿಯಾಗಿ ಉಂಡಿಲ್ಲ.”

ಅಗಳಿ ಸರಿಯಿತು.

ಬಾಗಿಲುಗಳನ್ನು ಮತ್ತೆ ಕೂಡಿಸಲು ಸವಣೂರಿನಿಂದ ಬಡಿಗ ಖಾದರಸಾಬರು ಬಂದರು. ಯಾವ ಬಾಗಿಲು ಯಾರದೆಂಬ ಜಗಳ ಇನ್ನೂ ನಡೆದಿದೆ. ಪಾಲಿಗೆ ಗಿಡ್ಡ ಬಾಗಿಲು ಬಂದ ಹುಲಗೇಶ ಇಂದಿಗೂ ತನ್ನ ಮನೆಯೊಳಗೆ ಬಗ್ಗಿಯೇ ಹೋಗುತ್ತಾನೆ.

ಕೆಲಸ ಮುಗಿದ ಮೇಲೆ ಹೊಳೆವ್ವ ನನ್ನನ್ನು ಊಟಕ್ಕೆ ಕರೆದಳು. ರೊಟ್ಟಿ ನೀಡುತ್ತಾ ಕೇಳಿದಳು: “ಗುರುಗಳ, ಆ ಕಥಿಯೊಳಗ ಬಿಸಲಾಗ ನಿಂತಾಂವ ಕಡೀಕ ಉಂಡ್ನೇನ್ರಿ?”

ಇಷ್ಟು ವರ್ಷ ಪುರಾಣ ಹೇಳಿದ್ದೇನೆ. ಬಂದವನು ದೇವರೋ ಅಲ್ಲವೋ ಎಂದು ಎಲ್ಲರೂ ಕೇಳಿದ್ದಾರೆ. ಉಂಡನೇ ಎಂದು ಯಾರೂ ಕೇಳಿರಲಿಲ್ಲ. ನನಗೂ ನೆನಪಿರಲಿಲ್ಲ. ಗ್ರಂಥ ತರಿಸಿ ನೋಡಿದೆ. ಉಂಡ ಎಂದೇ ಇದೆ. ಉಂಡು, ನೀರು ಕುಡಿದು, ಆಮೇಲೆ ತನ್ನ ಹೆಸರು ಹೇಳಿದನಂತೆ.

ಅದನ್ನು ಓದಿ ಹೇಳುವತನಕ ಹೊಳೆವ್ವ ನಿಂತೇ ಇದ್ದಳು. ಹೇಳಿದ ಮೇಲೆ ಕುಳಿತು ತಾನೂ ತಟ್ಟೆ ಎಳೆದುಕೊಂಡಳು.

ಕರೆದವರಿಗೂ ಕೇಳಿದವರಿಗೂ ನಾನು ಋಣಿ. ನಮಸ್ಕಾರ.