ರೇನೊ ಅಂದ್ರೆ ರಾಜ್ಯವಂತೆ

...ನಗು ಅಣ್ಣ, ನಗು. ಚನ್ನಪಟ್ಣವೆಲ್ಲಾ ನಕ್ಕಾಯ್ತು, ನೀನೊಬ್ಬ ಬಾಕಿ. ಮಗಳು ಸಾಬಿರಾನ ನೋಡೋಕೆ ರಾಮನಗರಕ್ಕೆ ಹೋಗಿ ಒಳ್ಳೆ ತಮಾಸೆ ತಪ್ಪಿಸ್ಕೊಂಡೆ, ರಸೂಲಣ್ಣ.

ಬೆಂಗಳೂರು ಆಫೀಸಿಂದ ಫೋನ್ ಬಂತಲ್ಲ, ಸ್ಪೇನ್ ದೇಶದ ಮೇಡಮ್ಮಿಗೆ 'ರೇನೊ' ಬೊಂಬೆ ಬೇಕು, ಬೇಗ ಸುರು ಮಾಡಿ ಅಂತ? ನಾನೋ ಪೀಯುಸಿ ಫೇಲು, ಇಂಗ್ಲೀಷ್ ಪಂಡಿತ. ರೇನೊ ಅಂದ್ರೆ ರೈನೋ, ರೈನೋ ಅಂದ್ರೆ ಘೇಂಡಾಮೃಗ... ಆಯ್ತಲ್ಲ. ಇಬ್ರೂ ಕೂತ್ಕೊಂಡು ವಾರಗಟ್ಲೆ ಲೇತ್‌ನಾಗೆ ಕಡೆದೋ, ಕೊಂಬಿಗೆ ಕೆಂಪು ಅರಗು ಹಚ್ಚಿದೋ. ನೀನೇ ಅಂದೆ, ಕಣ್ಣು ಮಾತ್ರ ನಮ್ಮ ಓನರ್ ಅಶ್ವಥ್ ಸಾಹೇಬ್ರಂಗೆ ಬಂದೈತೆ ಅಂತ.

ನಿನ್ನೆ ಸಾಹೇಬ್ರು ಆ ಮೇಡಮ್ಮನ್ನ ಕರ್ಕೊಂಡು ಕಾರ್ಖಾನೇಗೇ ಬಂದ್ಬುಟ್ರು. ಆಯಮ್ಮ ಒಂದು ಘೇಂಡಾಮೃಗ ಎತ್ಕೊಂಡು ತಿರುವಿ ಮುರುವಿ ನೋಡಿದ್ಲು. ಆಮೇಲೆ ತಲೆ ಮೇಲೆ ಬೆರಳಿಟ್ಟು ಕಿರೀಟ ತೋರ್ಸಿದ್ಲು. ನಾನು ಕೊಂಬು ಅಂದ್ಕೊಂಡು, 'ಎಸ್ ಮೇಡಂ, ಒನ್ ಹಾರ್ನ್' ಅಂದೆ. ಅವರ ಭಾಷೇಲಿ ರೇನೊ ಅಂದ್ರೆ ರಾಜ್ಯವಂತೆ ಕಣಣ್ಣ. ರಾಜ, ರಾಣಿ, ಕೋಟೆ, ಕುದುರೆ, ಎಲ್ಲಾ ಸೇರಿ ಒಂದು ಸೆಟ್ಟು. ಆಯಮ್ಮ ಕೇಳಿದ್ದು ಅರಮನೆ, ನಾವು ಕೊಟ್ಟಿದ್ದು ಕಾಡು.

ಆಯಮ್ಮ ನಕ್ಕು, ಒಂದನ್ನ ಬ್ಯಾಗಿಗೆ ಹಾಕ್ಕೊಂಡ್ಲು. ಸಾಹೇಬ್ರು ನಗಲಿಲ್ಲ. ಆರ್ಡರ್ ಹೋಯ್ತು. ಫೋನ್ ಎತ್ತಿದ್ಯಾರು ಅಂದ್ರು. ನಾನೇ ಅಂದೆ. ಹಂಗಾರೆ ನಾಳೆಯಿಂದ ಬರ್ಬ್ಯಾಡ ಅಂದ್ರು.

ಯಾಕಣ್ಣ ಲೋಟ ಕೆಳಗಿಟ್ಟೆ? ಟೀ ಆರೋಯ್ತದೆ, ಕುಡಿ.

ನಾನೇ ಎತ್ತಿದ್ದು... ಅಲ್ವಾ? ನಂಗೇನು, ಬಿಡದಿ ಫ್ಯಾಕ್ಟ್ರೀಲಿ ನನ್ನ ದೋಸ್ತು ಶಿವರಾಜು ಅವ್ನೆ, ಸೋಮವಾರದಿಂದ ಬಾ ಅಂದವ್ನೆ. ಯೂನಿಫಾರ್ಮು, ಬೂಟು, ಕರ್ಕೊಂಡೋಗಕ್ಕೆ ಬಸ್ಸು. ನನ್ನ ಕಾಲು ಘೇಂಡಾಮೃಗದ್ದು, ಬೂಟಿನ ಸೈಜು ಸಿಕ್ರೆ ಸಾಕು.

ಹಂಗೆ ನೋಡ್ಬ್ಯಾಡ. ಕಿವಿ ಯಾಕೆ ಮುಟ್ಕೋತೀಯಾ?

...ಹೂಂ. ಫೋನ್ ಎತ್ತಿದ್ದು ನೀನೇ. 'ಬಾಲರಾಜು, ರೈನೋ ಬೇಕಂತೆ' ಅಂತ ಕೂಗಿದ್ದೂ ನೀನೇ. ನಿನ್ನ ಕಿವಿ ಮಂದ ಆಗಿರೋದು ಸಾಹೇಬ್ರಿಗೆ ಗೊತ್ತಿಲ್ಲ, ಗೊತ್ತಾಗೋದೂ ಬ್ಯಾಡ. ನಂಗೆ ಉಳಿ ಹಿಡಿಯೋದು ಕಲಿಸ್ದೋನು ನೀನು. ಈ ವಯಸ್ನಾಗೆ ನಿಂಗೆ ಯಾವ ಫ್ಯಾಕ್ಟ್ರೀಲಿ ಬೂಟು ಕೊಡ್ತಾರೆ?

ಎಲ್ಲಿಗೆ ಎದ್ದೆ, ಸಾಹೇಬ್ರ ತಾವ ನಿಜ ಹೇಳೋಕಾ? ಚಪ್ಪಲಿ ಬುಡು. ಸಾಹೇಬ್ರು ಊರ್ನಾಗಿಲ್ಲ... ಅಣ್ಣ, ಕೂತ್ಕೋ ಒಸಿ... ರಸೂಲಣ್ಣ, ಯಾವ ಕಿವೀಗೆ ಹೇಳ್ಲಿ ನಿಂಗೆ, ಹೋಗ್ಬ್ಯಾಡ ಅಂತ.