ಗೊಗ್ಗರಣ್ಣನ ಅರ್ಧ ಹಾಡು

ನಗೋರು ಈಗಲೇ ನಕ್ಕುಬಿಡಿ. ಇದು ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಅವತ್ತು ರಾತ್ರಿ ಬಾರಿಗೆ ಬೀಗ ಹಾಕಿ, ಹಿತ್ತಲ ಬಾವಿ ಪಕ್ಕದ ದಾರೀಲಿ ಮನೆಗೆ ಹೊರಟಿದ್ದ...

ಆ ಬಾರಲ್ಲಿ ಅವನು ಮೈಕು, ಸ್ಪೀಕರು ನೋಡ್ಕೊಳ್ಳೋನು. ಒಂದು ಕಾಲಕ್ಕೆ ಅಲ್ಲಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಎಲ್ಲಾ ಅಲ್ಲಿ ಹಾಡ್ತಿದ್ದ ಗೊಗ್ಗರಣ್ಣನ ದೆಸೆಯಿಂದ. ಒಡಕು ಗಂಟಲು ನಿಜ, ಆದ್ರೆ ಅವನು ಬಾಯಿ ಬಿಟ್ಟರೆ ಕುಡಿಯೋರು ಗ್ಲಾಸು ಕೆಳಗಿಡೋರು! ಆಮೇಲೆ ಧಣಿ ಸತ್ತ, ಮಗ ಬಂದ. "ಈ ಮುದುಕನ ರಾಗ ಯಾರಿಗೆ ಬೇಕು?" ಅಂತ ಗೋಡೆ ತುಂಬ ಟಿವಿ ಹಾಕಿಸಿದ. ಒಂದು ಸಂಜೆ ಗೊಗ್ಗರಣ್ಣ ಹಾಡ್ತಿರುವಾಗಲೇ ಈ ಹೊಸ ಧಣಿ ಕಣ್ಸನ್ನೆ ಮಾಡಿದ. ನಮ್ಮವನು ಮೈಕು ಆಫ್ ಮಾಡಿದ. ಹೊಟ್ಟೆಪಾಡು, ಏನ್ಮಾಡ್ತಾನೆ? ಜನ ಗೊಳ್ಳೆಂದು ನಕ್ಕರು. ಗೊಗ್ಗರಣ್ಣ ವೇದಿಕೆ ಇಳಿದು ಹೋದ.

ಬೆಳಿಗ್ಗೆ ಹೆಣ ಬಾವೀಲಿ ತೇಲ್ತಿತ್ತು.

ಅಲ್ಲಿಂದ ಬಾರಿಗೆ ಗ್ರಹಚಾರ ಹಿಡೀತು. ವೇದಿಕೆ ಒಡೆಸಿದರು, ಬಣ್ಣ ಬಳಿಸಿದರು, ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಕರೆಂಟೂ ಕಟ್ ಆಯ್ತು, ಅಂಗಡಿ ಮುಚ್ಚೋದು ಅಂತಾಯ್ತು. ನಾನು ಹೇಳ್ತಿರೋದು ಆ ಕೊನೇ ರಾತ್ರಿ ಮಾತು.

ಬಾವಿ ಹತ್ರ ಬಂದಾಗ... ಠಪ್. ಠಪ್. ಮೈಕಿಗೆ ಬೆರಳು ಬಡಿದ ಸದ್ದು. ಹಿಂದೆಯೇ ಸ್ಪೀಕರ್ ಸಣ್ಣಗೆ 'ಕುಂಯ್ಯ್...' ಅಂತು. ಬಾವಿಯಿಂದಲ್ಲ. ಬಾರಿನ ಒಳಗಿಂದ.

ಓಡಬೇಕಿತ್ತು. ಕಾಲು ಮಾತ್ರ ಬಾಗಿಲ ಕಡೆಗೇ ಎಳೀತು. ಬೀಗ ತೆಗೆದ. ಒಳಗೆ ಗವ್ವನೆ ಕತ್ತಲು... ಮಿಕ್ಸರಿನ ಕೆಂಪು ದೀಪ ಉರೀತಿತ್ತು.

"ಅಣ್ಣಾ... ನೀನಾ?"

"ಹಾಡು ಅರ್ಧಕ್ಕೇ ನಿಂತಿದೆ, ತಮ್ಮಾ."

"ನಂದು ತಪ್ಪಾಯ್ತು ಅಣ್ಣಾ..."

"ಸೌಂಡ್ ಕೊಡು."

ಮಿಕ್ಸರಿನ ಗುಂಡಿ ತಿರುಗಿಸಿದ. ನಿಂತಿದ್ದ ಸಾಲಿನಿಂದಲೇ ಹಾಡು ಶುರುವಾಯ್ತು... ಅದೇ ಒಡಕು ಗಂಟಲು. ಮುಗಿಯೋವರೆಗೂ ನಮ್ಮವನು ಕಣ್ಣೀರು ಸುರಿಸ್ತಾ ನಿಂತಿದ್ದ. ಮುಗೀತು. ಆಮೇಲೆ ಚಟಪಟ, ಚಟಪಟ ಚಪ್ಪಾಳೆ... ಬಾರಿನ ಮೂಲೆಮೂಲೆಯಿಂದ!

ಹೇಗೆ ಮನೆ ಸೇರಿದನೋ ಅವನಿಗೇ ಗೊತ್ತಿಲ್ಲ. ವಾರಗಟ್ಟಲೆ ಜ್ವರ. ಇವತ್ತಿಗೂ ಮೈಕು ಮುಟ್ಟಲ್ಲ.

ಜ್ವರದ ತಲೆಗೆ ಏನೋ ಕಂಡಿರಬೇಕು ಅಂತೀರಾ? ಸರಿ. ಮಾರನೇ ದಿನ ಬೆಳಿಗ್ಗೆ ಗುಡಿಸೋ ಅಕ್ಕ ತನ್ನ ಪೊರಕೆ, ಬಕೆಟ್ಟು ತಗೊಳ್ಳೋಕೆ ಹೋಗಿದ್ದಳು. ಮೂಲೇಲಿ ತಾನೇ ಒಟ್ಟಿದ್ದ ಕುರ್ಚಿಗಳೆಲ್ಲ ಸಾಲಾಗಿ ನಿಂತಿದ್ದವಂತೆ. ಮುಟ್ಟಿ ನೋಡಿದಳು. ಒಂದೊಂದೂ ಬೆಚ್ಚಗಿತ್ತು... ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಆ ಅಕ್ಕ ಇನ್ನೂ ಬದುಕಿದ್ದಾಳೆ. ಬೇಕಾದ್ರೆ ಹೋಗಿ ಕೇಳಿ.